ಕೊರಳಿನ ಗ್ರಂಥಿಗಳ ಶಸ್ತ್ರಕ್ರಿಯೆ

ಬಾಯಿಯ ಅರ್ಬುದವು ನಾಲಗೆಯ ಅಂಚಿನಲ್ಲೋ ಕೆನ್ನೆಯ ಒಳಮಗ್ಗುಲಲ್ಲೋ ಹುಣ್ಣಾಗಿ ತಲೆದೋರಿ, ಕೊರಳಿನ ದುಗ್ಧಗ್ರಂಥಿಗಳಿಗೆ ಇಳಿದು ಗಂಟುಕಟ್ಟಿತೆಂದರೆ, ರೋಗಿಯು ಬದುಕುಳಿಯುವ ಭರವಸೆ ಸುಮಾರು ಅರ್ಧಕ್ಕೆ ಕುಗ್ಗುವುದು. ಆ ಗ್ರಂಥಿಗಳನ್ನು ಬಿಡಿಬಿಡಿಯಾಗಿ ಹೆಕ್ಕದೆ, ಸುತ್ತಣ ಮೇದಸ್ಸಿನೊಡನೆ ಸಮೂಹವನ್ನೇ ಎತ್ತಬೇಕೆಂದು, 132 ಶಸ್ತ್ರಕ್ರಿಯೆಗಳ ಅನುಭವದ ಬಲದಿಂದ 1906ರಲ್ಲಿ ಪ್ರತಿಪಾದಿಸಿದವನು ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್. ನ್ಯೂಯಾರ್ಕಿನ ಹೇಯ್ಸ್ ಮಾರ್ಟಿನ್ 1951ರಲ್ಲಿ ಅದನ್ನೇ ವಿಧಿಯಾಗಿ ನೆಲೆಗೊಳಿಸಿದನು.

ಆದರೆ ಕೊರಳ ಪಕ್ಕದ ದೊಡ್ಡ ಸ್ನಾಯು, ಒಳಗಣ ಮಹಾಸಿರೆ, ಭುಜವನ್ನೆತ್ತುವ ನರ ಈ ಮೂರೂ ಗ್ರಂಥಿಗಳೊಡನೆಯೇ ಹೋಗುತ್ತಿದ್ದುದರಿಂದ, ಬದುಕಿ ಮನೆಗೆ ಮರಳಿದವನು ತೋಳೆತ್ತಿ ತಲೆ ಬಾಚಿಕೊಳ್ಳಲು, ಅಂಗಿ ತೊಡಲು ತಿಣುಕುತ್ತ, ಜೋತ ಹೆಗಲಿನ ನೋವನ್ನು ಅನುಭವಿಸಬೇಕಾಗುತ್ತಿತ್ತು. ಗ್ರಂಥಿಗಳು ತೆಳುಪೊರೆಗಳ ನಡುವೆ ಅಡಗಿರುವುದರಿಂದ, ಪೊರೆಯನ್ನು ಜಾಣ್ಮೆಯಿಂದ ಬಿಡಿಸಿದರೆ ಆ ಮೂರನ್ನೂ ಉಳಿಸಬಹುದೆಂದು 1963ರಲ್ಲಿ ತೋರಿದವನು ಅರ್ಜೆಂಟೀನದ ಓಸ್ವಾಲ್ಡೊ ಸುವಾರೆಸ್. ಈ ಸಾಧನೆ ಕ್ರೈಲನ ಸಾಹಸಕ್ಕಿಂತ ಕಿರಿದಾದುದೆಂದು ನಾನು ಎಣಿಸಲಾರೆ.

ಗಂಟು ಕೈಗೆ ತಗಲುವ ಮುನ್ನವೇ ಗ್ರಂಥಿಗಳನ್ನು ತೆಗೆಯಬೇಕೇ, ಕಾದು ನೋಡಬೇಕೇ ಎಂಬ ದೀರ್ಘ ವಿವಾದಕ್ಕೆ ಗಟ್ಟಿಯಾದ ಉತ್ತರ ದೊರೆತುದು, ಎಲೆಯಡಿಕೆ ಹೊಗೆಸೊಪ್ಪುಗಳ ಪೀಡೆಯನ್ನು ದಿನವೂ ಕಾಣುವ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ರೋಗದ ಆರಂಭಾವಸ್ಥೆಯಲ್ಲಿದ್ದ 500 ಮಂದಿಯ ಫಲಿತಾಂಶವು 2015ರಲ್ಲಿ ಪ್ರಕಟವಾದಾಗ, ಮೂರು ವರ್ಷಗಳ ತರುವಾಯ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಶೇಕಡ 80ರಷ್ಟೂ ಕಾದವರಲ್ಲಿ ಶೇಕಡ 67.5ರಷ್ಟೂ ಜನ ಜೀವಿಸಿರುವರೆಂಬುದು ಸ್ಪಷ್ಟವಾಯಿತು.