ಮೊದಲ ಗೇಮಿಂಗ್ ಕಂಪ್ಯೂಟರ್: ಬಿಡಿಭಾಗ ಕೊಳ್ಳುವ ಮುನ್ನ

ನಂಜನಗೂಡು: ಚಿಕ್ಕಯ್ಯನಛತ್ರ ಹೋಬಳಿಯ ಯುವಕನೊಬ್ಬ ಗೇಮಿಂಗ್ ಕಂಪ್ಯೂಟರನ್ನು ತಾನೇ ಜೋಡಿಸಲು ಹೊರಟರೆ ಬಿಡಿಭಾಗಗಳಿಗಾಗಿ ಮೈಸೂರಿಗೆ, ಹೆಚ್ಚಿನ ಆಯ್ಕೆ ಬೇಕೆಂದರೆ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಬೇಕಾಗುತ್ತದೆ. ಹೊಂದಿಕೆಯಾಗದ ಒಂದೇ ಭಾಗ ತಂದರೂ ಮತ್ತೊಂದು ದಿನದ ಪ್ರಯಾಣ ಕಟ್ಟಿಟ್ಟದ್ದು. ಸೀಲು ಒಡೆದ ಪೆಟ್ಟಿಗೆಯನ್ನು ವರ್ತಕರು ಹಿಂಪಡೆಯುವುದೂ ಅಪರೂಪ. ಮನೆಯವರು ಕೂಡಿಟ್ಟ ಹಣ ಪೋಲಾಗದಿರಬೇಕಾದರೆ ಖರೀದಿಗೆ ಮೊದಲೇ ಪಟ್ಟಿಯನ್ನು ತಾಳೆ ನೋಡುವುದು ಲೇಸು.

ಸಾಕೆಟ್ ಮೊದಲು

ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ಗಳ ಸಾಕೆಟ್ ಒಂದೇ ಆಗಿರಬೇಕು. ಎಎಂಡಿಯ ರೈಜೆನ್ 5 5600 ಕೂರುವುದು ಎಎಂ4 ಸಾಕೆಟ್‌ನಲ್ಲಿ. ರೈಜೆನ್ 5 7600ಕ್ಕೆ 2022ರಲ್ಲಿ ಬಂದ ಎಎಂ5 ಬೇಕು. ಇಂಟೆಲ್‌ನ 12ರಿಂದ 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ 1700 ಸಾಕೆಟ್. ಸಾಕೆಟ್ ಹೊಂದಿದರೂ ಹಳೆಯ ದಾಸ್ತಾನಿನ ಬೋರ್ಡ್ ಹೊಸ ಪ್ರೊಸೆಸರನ್ನು ಗುರುತಿಸದಿರಬಹುದು. ಬಯೋಸ್ ಪರಿಷ್ಕರಣೆ ಆಗಿದೆಯೇ ಎಂದು ಅಂಗಡಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ರ‍್ಯಾಮ್ ಗೊಂದಲ

ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿದ್ದು, ಒಂದರ ಸ್ಥಾನದಲ್ಲಿ ಇನ್ನೊಂದು ಕೂರುವುದಿಲ್ಲ. ಎಎಂ4ಗೆ ಡಿಡಿಆರ್4, ಎಎಂ5ಗೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಎರಡೂ ಬಗೆಯ ಬೋರ್ಡ್‌ಗಳಿರುವುದರಿಂದ ಹೆಸರನ್ನು ಪೂರ್ತಿ ಓದಬೇಕು. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಆಟಕ್ಕೆ ಹೆಚ್ಚು ವೇಗ ನೀಡುತ್ತವೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ತೀವ್ರವಾಗಿ ಏರಿದ್ದರಿಂದ ಹಳೆಯ ದರಪಟ್ಟಿಯನ್ನು ನಂಬಿ ಬಜೆಟ್ ಹಾಕುವಂತಿಲ್ಲ.

ಹಣ ಎಲ್ಲಿ ಹಾಕಬೇಕು?

ಆಟದ ಗುಣಮಟ್ಟವನ್ನು ಬಹುಮಟ್ಟಿಗೆ ನಿರ್ಧರಿಸುವುದು ಗ್ರಾಫಿಕ್ಸ್ ಕಾರ್ಡ್. ಒಟ್ಟು ಮೊತ್ತದ ಮೂರನೇ ಒಂದು ಭಾಗ ಅಥವಾ ತುಸು ಹೆಚ್ಚನ್ನು ಇದಕ್ಕೆ ಮೀಸಲಿಡುವುದು ರೂಢಿ. ಮಾನಿಟರ್ 1080ಪಿ ಆಗಿದ್ದರೆ 4ಕೆಗಾಗಿ ರೂಪಿಸಿದ ದುಬಾರಿ ಕಾರ್ಡ್ ಅನಗತ್ಯ. ಬಣ್ಣದ ದೀಪ, ಗಾಜಿನ ಕ್ಯಾಬಿನೆಟ್‌ಗಳಿಂದ ಆಟದ ವೇಗ ಹೆಚ್ಚುವುದಿಲ್ಲ. ಇಂಟೆಲ್‌ನ ‘ಎಫ್’ ಅಕ್ಷರದ ಪ್ರೊಸೆಸರ್‌ಗಳಲ್ಲಿ ಮತ್ತು ರೈಜೆನ್ 5 5600ರಲ್ಲಿ ಒಳಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಪರದೆಯ ಮೇಲೆ ಚಿತ್ರವೇ ಮೂಡದು.

ವಿದ್ಯುತ್ ಪೂರೈಕೆ

ಉಳಿತಾಯದ ಹೆಸರಿನಲ್ಲಿ ಅಗ್ಗದ ಎಸ್‌ಎಂಪಿಎಸ್ ಕೊಳ್ಳುವುದು ಅಪಾಯಕಾರಿ. ಅದು ಕೆಟ್ಟರೆ ಉಳಿದ ಭಾಗಗಳನ್ನೂ ಸುಡಬಹುದು. ಆರ್‌ಟಿಎಕ್ಸ್ 4060 ಕಾರ್ಡ್‌ಗೆ ಎನ್ವಿಡಿಯಾ ಶಿಫಾರಸು ಮಾಡಿದ್ದು 550 ವಾಟ್. ‘80 ಪ್ಲಸ್’ ಗುರುತು ವಿದ್ಯುತ್ ಮಿತವ್ಯಯವನ್ನಷ್ಟೇ ಸೂಚಿಸುತ್ತದೆ; ತಯಾರಕರ ಹೆಸರು, ವಾರಂಟಿ ಅವಧಿಗಳನ್ನೂ ಗಮನಿಸಬೇಕು. ವಿದ್ಯುತ್ ಪದೇ ಪದೇ ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸುವುದು ಒಳಿತು.

ಅಳತೆ ಮತ್ತು ಬಿಲ್ಲು

ಕ್ಯಾಬಿನೆಟ್ ಕೊಳ್ಳುವಾಗ ಬೋರ್ಡಿನ ಗಾತ್ರ (ಎಟಿಎಕ್ಸ್ ಅಥವಾ ಮೈಕ್ರೊ ಎಟಿಎಕ್ಸ್), ಕಾರ್ಡಿನ ಉದ್ದ, ಕೂಲರ್‌ನ ಎತ್ತರ ಈ ಮೂರನ್ನೂ ಮಿಲಿಮೀಟರ್‌ಗಳಲ್ಲಿ ಹೋಲಿಸಬೇಕು. ದರ ಕೇಳುವಾಗ ಶೇ 18ರ ಜಿಎಸ್‌ಟಿ ಸೇರಿದೆಯೇ ಎಂದು ವಿಚಾರಿಸುವುದನ್ನು ಮರೆಯಬಾರದು. ಬಿಲ್ಲಿಲ್ಲದೆ ಕೊಂಡ ವಸ್ತು ಕೆಲವು ನೂರು ರೂಪಾಯಿ ಅಗ್ಗವೆನಿಸಿದರೂ, ವಾರಂಟಿ ಕೇಳುವ ದಿನ ಅದೇ ದುಬಾರಿಯಾಗುತ್ತದೆ.

ಮನೆಗೆ ತಂದ ಮೇಲೆ ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಜೋಡಿಸಬೇಕು. ಮೊದಲ ಬಾರಿ ಜೋಡಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.