ಪುಲಿಗೆರೆಯ ತಿರುಳೂ ಮಾತು ಕಲಿಸುವ ಯಂತ್ರವೂ

ಲಕ್ಷ್ಮೇಶ್ವರದ ಸಂತೆಯಲ್ಲಿ ನಿಂತವನಿಗೆ ತಾನು ಕನ್ನಡದ ತಿರುಳಿನೊಳಗೆ ನಿಂತಿದ್ದೇನೆಂಬ ಅರಿವು ತಟ್ಟನೆ ಆಗುವುದಿಲ್ಲ. ಮೆಣಸಿನಕಾಯಿಯ ಘಾಟು, ಎತ್ತಿನ ವ್ಯಾಪಾರ, ‘ಎಷ್ಟಕ್ಕ ಕೊಡ್ತೀರಿ, ಹೇಳ್ರೆಲಾ’ ಎಂಬ ಕೂಗು, ಇವಿಷ್ಟೇ ಮೊದಲು ಕಿವಿಗೂ ಮೂಗಿಗೂ ಬೀಳುವಂಥವು. ಆದರೆ ಈ ಊರೇ ಹಿಂದಿನ ಪುಲಿಗೆರೆ. ಕ್ರಿ. ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆದು, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನೆಲದಲ್ಲಿ ಆಡುವ ನುಡಿಯೇ ಕನ್ನಡದ ತಿರುಳು ಎಂದು ಸಾರಿತು. ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣವೆಂದರೆ ಇಂದಿನ ಕೊಪ್ಪಳ. ಗದಗು, ಶಿರಹಟ್ಟಿ, ಮುಂಡರಗಿಗಳು ಈ ವಲಯಕ್ಕೆ ಅಂಟಿಕೊಂಡೇ ಇವೆ.

ತೊಂಬತ್ತು ವರುಷಗಳ ಮೇಲೆ, 941ರಲ್ಲಿ ಪಂಪನೂ ಈ ಮಾತಿಗೆ ತನ್ನ ಸಾಕ್ಷ್ಯವನ್ನು ಸೇರಿಸಿದನು. ಅವನು ಕಾವ್ಯ ಬರೆದದ್ದು ಅರಿಕೇಸರಿಯ ಆಶ್ರಯದಲ್ಲಿ, ಇಂದಿನ ತೆಲಂಗಾಣಕ್ಕೆ ಸೇರಿದ ವೇಮುಲವಾಡದಲ್ಲಿ. ಆದರೂ ತನ್ನ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡನು. ಅವನ ತಾಯಿಯ ತವರು ಗದಗಿನ ನೆರೆಯ ಅಣ್ಣಿಗೇರಿ. ಹೀಗಾಗಿ ಆ ನುಡಿ ಅವನಿಗೆ ತೊಟ್ಟಿಲಿನಲ್ಲೇ ಬಂದದ್ದೆಂದು ನಾನು ತಿಳಿಯುತ್ತೇನೆ. ಕೇಶಿರಾಜನ ವ್ಯಾಕರಣ ಹುಟ್ಟಲು ಇನ್ನೂ ಮುನ್ನೂರು ವರುಷ ಬೇಕಾಗಿತ್ತು. ‘ಒಳ್ಳೆಯ ಕನ್ನಡ ಯಾವುದು?’ ಎಂದು ಆ ಕಾಲದವನೊಬ್ಬನು ಕೇಳಿದ್ದರೆ ಅವನ ಕೈಗೆ ಪುಸ್ತಕ ಕೊಡುತ್ತಿರಲಿಲ್ಲ. ಒಂದು ಊರಿನ ಕಡೆಗೆ ಬೆರಳು ತೋರಿಸುತ್ತಿದ್ದರು. ಅಲ್ಲಿಗೆ ಹೋಗು, ಜನ ಮಾತಾಡುವುದನ್ನು ಕೇಳು, ಎನ್ನುತ್ತಿದ್ದರು.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಅದನ್ನು ನಾವು ಅಷ್ಟಾಗಿ ಎತ್ತಿ ಆಡುವುದಿಲ್ಲ. ಕನ್ನಡಗಳು ಸೀಮೆಸೀಮೆಗೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಯೂ ಬೇಸತ್ತಾನೆಂಬುದು ಅದರ ತಾತ್ಪರ್ಯ. ತಿರುಳನ್ನು ಗುರುತಿಸಿದವನೇ ವೈವಿಧ್ಯಕ್ಕೂ ತಲೆಬಾಗಿದ್ದಾನೆ. ಬಹಳ ಹದವಾದ ಮನಸ್ಸು!

ಮುಂದಿನ ಶತಮಾನಗಳು ಈ ತಿರುಳನ್ನು ನಡೆಸಿಕೊಂಡ ಬಗೆ ವಿಚಿತ್ರವಾದುದು. ಇಂಗ್ಲಿಷರ ಕಾಲಕ್ಕೆ ಬರುವಷ್ಟರಲ್ಲಿ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಎರಡೂ ಕಡೆ ಮರಾಠಿ ಮನೆಮಾತಿನ ಪಟವರ್ಧನರ ಆಳಿಕೆ. ಗದಗು, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ. ಅಲ್ಲಿಯೂ ಸರಕಾರಿ ಶಾಲೆಗಳಲ್ಲಿ ಮರಾಠಿಯದೇ ದರ್ಬಾರು. ಕನ್ನಡದ ಹುಡುಗ ‘ಸಾಲಿ’ಗೆ ಹೋಗುವುದೆಂದರೆ ಮೊದಲು ಬೇರೊಂದು ಭಾಷೆಯನ್ನು ಕಲಿಯುವುದೆಂದೇ ಅರ್ಥ. ಇದನ್ನು ಮುರಿದವರಲ್ಲಿ ಮುಖ್ಯರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಅವರು ಮೊದಲು ಮಾಸ್ತರರನ್ನು ಸಿದ್ಧಪಡಿಸಿದರು, ಬಳಿಕ ಶಾಲೆಗಳನ್ನು ತೆರೆಯಿಸಿದರು. ಈ ಅನುಕ್ರಮವನ್ನು ವಾಚಕರು ಗಮನಿಸಬೇಕು. ಪುಸ್ತಕವಿದ್ದು ಮಾಸ್ತರನಿಲ್ಲದ ಶಾಲೆ ಗೋಡೆಯಷ್ಟೇ ಎಂಬುದು ಅವರಿಗೆ ಗೊತ್ತಿತ್ತು.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ವಿದ್ಯಾರ್ಥಿಗಳೂ ಈ ಸೀಮೆಗೆ ಬಂದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ, ಬೆಟಗೇರಿಗೆ ತಲುಪಿದರು. ಧರ್ಮಪ್ರಚಾರ ಅವರ ಉದ್ದೇಶ. ಆದರೆ ಬಾಯಿಬಿಡುವ ಮೊದಲು ಊರಿನ ಮುನ್ಶಿಯೊಬ್ಬನ ಮುಂದೆ ಕೂಡ್ರಲೇಬೇಕಾಗಿತ್ತು. ತಪ್ಪಿದರೆ ಮುನ್ಶಿ ತಿದ್ದುವನು, ಸಂತೆಯಲ್ಲಿ ತಪ್ಪಿದರೆ ಜನ ನಗುವರು. ಎರಡೂ ಪಾಠವೇ. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು ಹೀಗೆ ಕಲಿತ ನುಡಿಯನ್ನು 1894ರ ತಮ್ಮ ಮಹಾಕೋಶದಲ್ಲಿ ನಮಗೇ ಮರಳಿ ಕೊಟ್ಟರು. ಆ ಕೋಶವನ್ನು ತೆರೆದಾಗಲೆಲ್ಲ ನನಗೆ ಸಂತೋಷ ಕೊಡುವುದು ಅದರ ಗಾತ್ರವಲ್ಲ, ಕಂಸದೊಳಗಿನ ಪುಟ್ಟ ಗುರುತುಗಳು. ಈ ಪದ ಮೈಸೂರಿನದು, ಇದು ದಕ್ಷಿಣ ಮರಾಠಾ ಸೀಮೆಯದು ಎಂದು ಅವರು ಹೇಳುತ್ತಾ ಹೋಗುತ್ತಾರೆ. ದಕ್ಷಿಣ ಮರಾಠಾ ಸೀಮೆಯೆಂದರೆ ನಮ್ಮ ಈ ಧಾರವಾಡ, ಗದಗುಗಳೇ. ಒಂದು ಸರಿ, ಒಂದು ತಪ್ಪು ಎನ್ನುವುದರ ಬದಲು, ಎರಡಕ್ಕೂ ಊರಿನ ಹೆಸರು ಬರೆದರು.

ಈಗ ನಮ್ಮ ಕಾಲದ ಮುನ್ಶಿಯ ವಿಷಯ. 2011ರಲ್ಲಿ ಗೂಗಲ್ಲಿನ ಅನುವಾದಯಂತ್ರಕ್ಕೆ ಕನ್ನಡ ಸೇರಿತು. 2022ರ ಕೊನೆಗೆ ಪ್ರಶ್ನೆಗೆ ಉತ್ತರ ಕೊಡುವ ಕೃತಕ ಬುದ್ಧಿಮತ್ತೆ ಜನರ ಕೈಗೆ ಬಂದಿತು. ಇಂದು ಬೆಂಗಳೂರಿಗೆ ಬಂದ ಹೊರನಾಡಿನ ತರುಣನೂ ಕನ್ನಡವನ್ನು ಮರೆತ ಪರದೇಶದ ಮೊಮ್ಮಗಳೂ ಕಿಸೆಯೊಳಗಿನ ಫೋನಿನಿಂದಲೇ ಕನ್ನಡದ ಪಾಠ ಹೇಳಿಸಿಕೊಳ್ಳಬಹುದು. ಯಂತ್ರದ ತಾಳ್ಮೆ ಯಾವ ಮಾಸ್ತರನಿಗೂ ಇಲ್ಲ. ನೂರು ಸಲ ತಪ್ಪಿದರೂ ಬೆತ್ತ ಎತ್ತುವುದಿಲ್ಲ, ನಾಲ್ಕು ಜನರ ಮುಂದೆ ನಗುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಕಿವಿಯಿಂದಲೇ ವಿದ್ಯೆಯನ್ನು ಧಾರೆಯೆರೆದರು. ಅಂಥ ಮಕ್ಕಳಿಗೆ ಅಚ್ಚಿನ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರ ಎಷ್ಟು ದೊಡ್ಡ ಆಸರೆಯೆಂಬುದನ್ನು ಯಾರು ಅಲ್ಲಗಳೆದಾರು?

ಆದರೆ ಈ ಮುನ್ಶಿಯ ಊರು ಯಾವುದು? ಯಂತ್ರ ಕಲಿತದ್ದು ಹೆಚ್ಚಾಗಿ ಬರಹದಿಂದ. ಅಚ್ಚಾದದ್ದು, ಜಾಲದಲ್ಲಿ ಕೂಡಿಬಿದ್ದದ್ದು ಅದರ ಉಣಿಸು. ಮುಂಡರಗಿಯ ಹೊಲದ ಬದುವಿನಲ್ಲಿ ಆಡಿದ ಮಾತು ಬರಹಕ್ಕೆ ಬಂದದ್ದು ತೀರ ಕಡಿಮೆ. ಆದುದರಿಂದ ಅದು ಯಂತ್ರದ ಕಿವಿಗೂ ಬಿದ್ದಿಲ್ಲ.

ನಾನೇ ಒಂದು ಪರೀಕ್ಷೆ ಮಾಡಿ ನೋಡಿದೆ. ಇಂಥ ಒಂದು ಯಂತ್ರದ ಮುಂದೆ ನಮ್ಮ ಕಡೆಯ ರಾಗದಲ್ಲಿ ‘ಅಪ್ಪ ಬಂದಾನ’ ಎಂದೆ. ‘ಅಪ್ಪ ಬಂದಾನು’ ಎಂದು ಬರೆದುಕೊಂಡು, ತಂದೆ ಬರಬಹುದೆಂದು ಅರ್ಥ ಹೇಳಿತು. ನಮ್ಮಲ್ಲಿ ‘ಬಂದಾನ’ ಎಂದರೆ ಬಂದಿದ್ದಾನೆ, ಬಾಗಿಲಲ್ಲಿಯೇ ನಿಂತಿದ್ದಾನೆ. ಅಪ್ಪ ಮನೆಗೆ ಬಂದ ಸಂತೋಷ ಒಂದು ಉಕಾರದಿಂದ ಬಂದಾನೋ ಇಲ್ಲವೋ ಎಂಬ ಸಂಶಯವಾಯಿತು! ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಮಾಸ್ತರರೂ ಮೊದಲ ದಿನ ಇಲ್ಲಿಯೇ ಎಡವುತ್ತಾರೆ. ಆದರೆ ಅವರು ವರಾಂಡದಲ್ಲಿ ನಿಂತು ಅಪ್ಪನನ್ನು ಕಣ್ಣಾರೆ ನೋಡುತ್ತಾರೆ, ವಾರದೊಳಗೆ ತಿಳಿದುಕೊಳ್ಳುತ್ತಾರೆ. ಯಂತ್ರಕ್ಕೆ ವರಾಂಡವಿಲ್ಲ.

ತಪ್ಪು ತಿಳಿಯುವುದಾದರೂ ಒಂದು ಪಾಡು. ಹೆಚ್ಚು ಹೆದರಿಸುವಂಥದು ತಿದ್ದುವಿಕೆ. ‘ಹೊಂಟೀನಿ’, ‘ಐತಿ’, ‘ಮಾಡಾಕತ್ತಾಳ’ ಎಂದ ಮಗುವಿಗೆ ಇದು ಅಶುದ್ಧವೆಂದು ಹೇಳಿದವರು ಮನುಷ್ಯರಲ್ಲಿಯೂ ಬೇಕಾದಷ್ಟು ಜನರಿದ್ದರು. ಏಕೀಕರಣದ ಅನಂತರ ಪಠ್ಯಪುಸ್ತಕದ ಕನ್ನಡ ಒಂದಾದಾಗ ಉತ್ತರದ ಮಕ್ಕಳು ಬೆಲೆ ತೆತ್ತದ್ದು ಈ ಬಗೆಯಲ್ಲಿ. ಆದರೂ ಒಬ್ಬ ಮಾಸ್ತರನ ಹಟ ಒಂದು ಶಾಲೆಗೆ ಸೀಮಿತ. ಅದರ ಪಕ್ಕದ ಶಾಲೆಯಲ್ಲಿ, ‘ಪುಸ್ತಕದಾಗ ಹಿಂಗ ಬರಿ, ಮನ್ಯಾಗ ಹಂಗ ಮಾತಾಡು, ಎರಡೂ ಕನ್ನಡನಽ’ ಎನ್ನುವ ಅಕ್ಕೋರೊಬ್ಬರು ಇರುತ್ತಿದ್ದರು. ಯಂತ್ರವಾದರೆ ಒಂದೇ ಅಭಿರುಚಿಯನ್ನು ಲಕ್ಷಾಂತರ ಮಕ್ಕಳಿಗೆ ಏಕಕಾಲಕ್ಕೆ ಹಂಚುತ್ತದೆ. ಪುಲಿಗೆರೆಯ ಮಗುವಿಗೆ ನಿನ್ನ ಕನ್ನಡ ಸರಿಯಲ್ಲವೆಂದು ಹೇಳುವ ಅಧಿಕಾರವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಹಿಂದೆ ಯಾವ ದೊರೆಗೂ ಯಾರೂ ಕೊಟ್ಟಿರಲಿಲ್ಲ, ಪಟವರ್ಧನರಿಗೂ ಇರಲಿಲ್ಲ.

ಇದಕ್ಕೆ ಪರಿಹಾರ ಯಂತ್ರವನ್ನು ಬೈಯುವುದರಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ಲಿನ ನೆರವಿನಿಂದ 2022ರಲ್ಲಿ ‘ವಾಣಿ’ ಎಂಬ ಯೋಜನೆಯನ್ನು ಪ್ರಕಟಿಸಿದರು. ದೇಶದ 773 ಜಿಲ್ಲೆಗಳಿಗೂ ಹೋಗಿ, ಜನರ ಮಾತನ್ನು ಜಿಲ್ಲೆಯ ಹೆಸರಿನೊಡನೆ ಧ್ವನಿಮುದ್ರಿಸಬೇಕೆಂಬುದು ಅದರ ಹಂಬಲ. ಕಿಟ್ಟೆಲರು ಕಂಸದೊಳಗೆ ಮಾಡಿದ್ದನ್ನೇ ಇವರು ದನಿಯಲ್ಲಿ ಮಾಡಹೊರಟಿದ್ದಾರೆ. ಅಲ್ಲಿ ಬರೆದದ್ದನ್ನು ಓದಿಸುವುದಿಲ್ಲ. ಒಂದು ಚಿತ್ರವನ್ನು ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿರೆಂದು ಕೇಳುತ್ತಾರೆ. ಬಹಳ ಒಳ್ಳೆಯ ಉಪಾಯ.

ಆದರೆ ಆ ದನಿಯನ್ನು ಆಮೇಲೆ ಯಾರೋ ಅಕ್ಷರಕ್ಕೆ ಇಳಿಸಬೇಕಷ್ಟೆ. ನಮ್ಮ ಸೀಮೆಯ ದನಿ ಬರುವ ದಿನ ಆ ಮೇಜಿನ ಬಳಿ ಶಿರಹಟ್ಟಿಯದೋ ಮುಂಡರಗಿಯದೋ ಒಬ್ಬ ಅಕ್ಕೋರು ಕೂಡ್ರಬೇಕು, ಅವರಿಗೆ ತಕ್ಕ ಸಂಬಳವೂ ಸಿಗಬೇಕು. ‘ಬಂದಾನ’ದ ಕೊನೆಗೆ ಉಕಾರ ಇದೆಯೋ ಇಲ್ಲವೋ ಎಂಬುದನ್ನು ಅವರೇ ಕೇಳಿ ಹೇಳಲಿ.