ಕತ್ತಲೆ ಪರದೆಗೆ ಟಾರ್ಚ್ ಹಿಡಿದವರು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಿಪೇರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟ ಕೂಡಲೇ ಅನುಭವಿ ಮೆಕ್ಯಾನಿಕ್ ಕೇಳುವುದು ಒಂದೇ ಮಾತು: 'ಮುಂಚೆ ಯಾರಾದ್ರೂ ಬಿಚ್ಚಿದ್ರಾ?' ಗಿರಾಕಿ ಸ್ವಲ್ಪ ತಡವರಿಸುತ್ತಾನೆ. ಕೀಬೋರ್ಡ್ ಬದಲಾಯಿಸಿದ್ದು, ಫ್ಯಾನಿನ ಧೂಳು ತೆಗೆಸಿದ್ದು, ಹಿಂಜ್ ಬಿಗಿ ಮಾಡಿಸಿದ್ದು ಒಂದೊಂದಾಗಿ ಹೊರಬರುತ್ತದೆ. ಮಾಡಿಸಿದ ಕೆಲಸ ಸರಿಯಾಗಿಯೇ ಆಗಿದೆ. ಮನೆಗೆ ಹೋಗಿ ಆನ್ ಮಾಡಿದರೆ ಪರದೆ ಮಾತ್ರ ಕಪ್ಪು. ತಾನಾಗಿ ಕೆಟ್ಟ ಪರದೆಯ ಲಕ್ಷಣವೇ ಬೇರೆ, ರಿಪೇರಿಯವನ ಕೈ ತಾಗಿ ಕೆಟ್ಟ ಪರದೆಯ ಲಕ್ಷಣವೇ ಬೇರೆ. ಈ ವ್ಯತ್ಯಾಸ ಗುರುತಿಸುವ ವಿದ್ಯೆ ಬಹುಮಟ್ಟಿಗೆ ಮೇಜಿನಿಂದ ಮೇಜಿಗೆ, ನೋಡಿ ಕಲಿತವರಿಂದ ನೋಡುತ್ತಿರುವವರಿಗೆ ದಾಟಿಕೊಂಡು ಬಂದದ್ದು. ಅದಕ್ಕೆ ನಾಲ್ಕು ದಶಕಗಳ ಚರಿತ್ರೆಯಿದೆ.

ಹೊತ್ತೊಯ್ಯಬಹುದಾದ ಕಂಪ್ಯೂಟರ್ ಎಂದು ಹೆಸರು ಮಾಡಿದ ಆಸ್ಬೋರ್ನ್ 1 ಬಂದದ್ದು 1981ರಲ್ಲಿ. ತೂಕ ಸುಮಾರು 11 ಕಿಲೋ, ಪರದೆ 5 ಇಂಚಿನ ಗಾಜಿನ ಕೊಳವೆ. ಅದು ಕೆಟ್ಟರೆ ಟಿವಿ ರಿಪೇರಿಯವನ ತಿಳಿವಳಿಕೆಯೇ ಸಾಕಾಗುತ್ತಿತ್ತು. ಮರುವರ್ಷ ಬಂದ ಗ್ರಿಡ್ ಕಂಪಾಸ್ ಎಲ್ಲವನ್ನೂ ಬದಲಿಸಿತು. ಅದರಲ್ಲಿ ಪರದೆ ಮುಚ್ಚಳದೊಳಗೆ ಸೇರಿತು, ಯಂತ್ರ ಕೆಳಗೆ ಉಳಿಯಿತು, ಎರಡರ ನಡುವೆ ಹಿಂಜ್ ಬಂತು. ಚಿತ್ರದ ಸಂಕೇತವೂ ವಿದ್ಯುತ್ತೂ ಆ ಸಂದಿಯಲ್ಲೇ ಹಾಯಬೇಕು. ತೆರೆದಾಗಲೂ ಮುಚ್ಚಿದಾಗಲೂ ತಂತಿ ಬಾಗಬೇಕು. ಲ್ಯಾಪ್‌ಟಾಪ್ ಪರದೆಯ ಅರ್ಧ ಕಾಯಿಲೆಗಳು ಅಂದೇ ಹುಟ್ಟಿದವು.

ಮುಂದೆ ಆ ಮುಚ್ಚಳವನ್ನು ಆಳಿದ್ದು ದ್ರವಸ್ಫಟಿಕ. 1888ರಲ್ಲಿ ಪ್ರಾಗ್‌ನಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್, ಕರಗಿದ ಮೇಲೂ ಸ್ಫಟಿಕದ ಗುಣ ಬಿಡದ ಒಂದು ವಸ್ತುವನ್ನು ಕಂಡರು. ಅದರಿಂದ ಪ್ರದರ್ಶನ ಪರದೆ ಮಾಡಬಹುದೆಂದು ಅಮೆರಿಕದ ಆರ್‌ಸಿಎ ಕಂಪನಿಯಲ್ಲಿದ್ದ ಜಾರ್ಜ್ ಹೈಲ್‌ಮಯರ್ ತಂಡ ತೋರಿಸಿಕೊಟ್ಟದ್ದು 1968ರಲ್ಲಿ. ಈ ಕಥೆಯಲ್ಲಿ ಬೆಂಗಳೂರಿಗೂ ಗಟ್ಟಿಯಾದ ಪಾಲಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಸೇರಿ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಅಲ್ಲಿಯವರೆಗೆ ಗೊತ್ತಿದ್ದುದು ಕಡ್ಡಿಯಾಕಾರದವು ಮಾತ್ರ. 1990ರ ದಶಕದ ನಡುವಿನಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ತಟ್ಟೆ ಅಣುಗಳ ತೆಳು ಹಾಳೆ ಮಾಡಿ ಪರದೆಗೆ ಹಚ್ಚಿತು. ಓರೆಯಾಗಿ ನೋಡಿದರೆ ಬಣ್ಣ ಕೆಡುತ್ತಿದ್ದ ದೋಷ ಅದರಿಂದ ಬಹಳ ತಗ್ಗಿತು. ಚಂದ್ರಶೇಖರ್ ಅವರೇ 1991ರಲ್ಲಿ ಜಾಲಹಳ್ಳಿಯಲ್ಲಿ, ಬಿಇಎಲ್ ಕೊಟ್ಟ ಕಟ್ಟಡದಲ್ಲಿ, ದ್ರವಸ್ಫಟಿಕ ಸಂಶೋಧನಾ ಕೇಂದ್ರ ಕಟ್ಟಿದರು.

ರಿಪೇರಿ ಮೇಜಿಗೂ ಈ ವಿಜ್ಞಾನಕ್ಕೂ ನೇರ ನಂಟಿದೆ. ಪರದೆ ಬದಲಾಯಿಸಿದ ಮೇಲೆ 'ಬಣ್ಣ ಮುಂಚಿನ ಹಾಗಿಲ್ಲ' ಎಂದು ದೂರು ಬಂದರೆ ತಿಳಿದವನು ಮುಚ್ಚಳವನ್ನು ಹಿಂದಕ್ಕೆ ವಾಲಿಸಿ ಕೆಳಗಿನಿಂದ ನೋಡುತ್ತಾನೆ. ಮುಖದ ಚಿತ್ರ ಫಿಲಂ ನೆಗೆಟಿವ್‌ನ ಹಾಗೆ ತಿರುಗಿ ಕಂಡರೆ, ಓರೆಯಾಗಿ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್ ಇದ್ದ ಜಾಗಕ್ಕೆ ಅಗ್ಗದ ಟಿಎನ್ ಪ್ಯಾನೆಲ್ ಬಂದು ಕೂತಿದೆ ಎಂದೇ ಲೆಕ್ಕ. ಉಪಕರಣ ಬೇಕಿಲ್ಲ, ಕತ್ತು ಬಗ್ಗಿಸಿದರೆ ಸಾಕು.

ದ್ರವಸ್ಫಟಿಕ ತಾನು ಬೆಳಗುವುದಿಲ್ಲ, ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. 1989ರ ಮ್ಯಾಕಿಂಟಾಶ್ ಪೋರ್ಟಬಲ್‌ನಲ್ಲಿ ಹಿಂಬೆಳಕೇ ಇರಲಿಲ್ಲ. ಆಪಲ್ ಅದನ್ನು ಸೇರಿಸಿದ್ದು 1991ರಲ್ಲಿ. ಬಣ್ಣದ ಪರದೆ ಬಂದ ಮೇಲಂತೂ ಹಿಂಬೆಳಕಿಲ್ಲದೆ ಗತಿಯಿರಲಿಲ್ಲ. ಐಬಿಎಂ 1992ರಲ್ಲಿ ತಂದ ಥಿಂಕ್‌ಪ್ಯಾಡ್ 700ಸಿಯ 10.4 ಇಂಚಿನ ಬಣ್ಣದ ಪರದೆ ಆ ಕಾಲದಲ್ಲಿ ಎಲ್ಲರ ಕಣ್ಣು ಸೆಳೆದಿತ್ತು. ಮುಂದಿನ ಹದಿನೈದು ವರ್ಷ ಹಿಂಬೆಳಕಿನ ಕೆಲಸ ಮಾಡಿದ್ದು ಪೆನ್ಸಿಲ್ಲಿಗಿಂತ ಸಣ್ಣ ಗಾಜಿನ ಟ್ಯೂಬ್. ಒಳಗೆ ಪಾದರಸದ ಆವಿ, ಹೊತ್ತಿಸಲು ಸಾವಿರ ವೋಲ್ಟಿಗೂ ಮೇಲೆ. ಬ್ಯಾಟರಿಯ ಹತ್ತಿಪ್ಪತ್ತು ವೋಲ್ಟನ್ನು ಅಷ್ಟಕ್ಕೆ ಏರಿಸಲು ಪರದೆಯ ಅಂಚಿನಲ್ಲಿ ಇನ್ವರ್ಟರ್ ಎಂಬ ಉದ್ದನೆಯ ಸಣ್ಣ ಹಲಗೆ.

ಟಾರ್ಚ್ ಪರೀಕ್ಷೆ ಬಳಕೆಗೆ ಬಂದದ್ದು ಈ ಕಾಲದಲ್ಲೇ. ಯಂತ್ರ ಆನ್ ಆಗಿದೆ, ಪರದೆ ಕಪ್ಪಗಿದೆ. ಅಂಗಡಿಯ ದೀಪ ಆರಿಸಿ, ಟಾರ್ಚನ್ನು ಗಾಜಿಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿದು ನೋಡಬೇಕು. ಮಸುಕಾಗಿ ಐಕಾನ್‌ಗಳೋ ಲಾಗಿನ್ ಪೆಟ್ಟಿಗೆಯ ಅಂಚೋ ಕಂಡರೆ ಪ್ಯಾನೆಲ್ ಬದುಕಿದೆ, ಚಿತ್ರ ತಲುಪುತ್ತಿದೆ, ಹೋಗಿರುವುದು ಹಿಂಬೆಳಕು ಮಾತ್ರ. ಏನೂ ಕಾಣದಿದ್ದರೆ ಕೇಬಲ್ ಕಡೆಗೋ ಬೋರ್ಡ್ ಕಡೆಗೋ ಹೊರಳಬೇಕು. ಒಂದು ಸ್ಕ್ರೂ ಬಿಚ್ಚದೆ ಕಾಯಿಲೆಯನ್ನು ಎರಡು ಪಾಲು ಮಾಡುವ ಈ ಉಪಾಯ ಇಡೀ ಕಸುಬಿನ ಅತಿ ಚೊಕ್ಕ ಸಂಶೋಧನೆ. ಅದರ ಮುಂದಿನ ಮೆಟ್ಟಿಲೂ ಕಣ್ಣಿನದೇ ಕೆಲಸ. ಪರದೆ ಎರಡು ಸೆಕೆಂಡ್ ಹೊತ್ತಿ ಆರಿದರೆ ಇನ್ವರ್ಟರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಕೆಂಪುಛಾಯೆಯಲ್ಲಿ ಹೊತ್ತಿದರೆ ಟ್ಯೂಬ್ ಮುದಿಯಾಗಿದೆ. ಹಿಂಜ್ ರಿಪೇರಿಯ ಬೆನ್ನಿಗೇ ಆರತೊಡಗಿದರೆ, ಮೇಲ್ವೋಲ್ಟೇಜಿನ ತಂತಿ ಕವರ್ ಅಡಿಯಲ್ಲಿ ಸಿಕ್ಕಿಕೊಂಡು ಲೋಹದ ಚೌಕಟ್ಟಿಗೆ ಸೋರುತ್ತಿದೆಯೇ ಎಂದು ನೋಡಬೇಕು.

ಟ್ಯೂಬಿನ ಜಾಗಕ್ಕೆ ಎಲ್‌ಇಡಿ ಬಂತು. 2010ರ ಹೊತ್ತಿಗೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಪಾದರಸದ ಟ್ಯೂಬ್ ಅಪರೂಪವಾಯಿತು. ಇನ್ವರ್ಟರ್ ಹೋಯಿತು, ಬೆಳಕಿನ ವಿದ್ಯುತ್ತನ್ನು ಏರಿಸುವ ಮಂಡಲ ಬಹುಪಾಲು ಮಾದರಿಗಳಲ್ಲಿ ಪ್ಯಾನೆಲ್ಲಿನೊಳಗೆ, ಕೆಲವುಗಳಲ್ಲಿ ಮದರ್‌ಬೋರ್ಡಿನ ಮೇಲೆ ಸೇರಿಕೊಂಡಿತು. ಚಿತ್ರಕ್ಕೂ ಬೆಳಕಿಗೂ ಸೇರಿ ಒಂದೇ ಕನೆಕ್ಟರ್. 30 ಅಥವಾ 40 ಪಿನ್, ಪಿನ್ನಿಗೂ ಪಿನ್ನಿಗೂ ನಡುವೆ ಅರ್ಧ ಮಿಲಿಮೀಟರ್. ರಿಪೇರಿಯೇ ತಂದಿಡುವ ಕಾಯಿಲೆಗಳಿಗೆ ಇದು ದೊಡ್ಡ ಬಾಗಿಲು ತೆರೆಯಿತು. ಬ್ಯಾಟರಿಯ ಕನೆಕ್ಟರ್ ಕಳಚದೆ ಪರದೆಯ ಕೇಬಲ್ ಎಳೆದರೆ, ಇಲ್ಲವೇ ಕೇಬಲನ್ನು ಒಂದು ಬದಿ ಎತ್ತರವಾಗಿ ಒತ್ತಿದರೆ, ಬೆಳಕಿನ ವಿದ್ಯುತ್ತು ಪಕ್ಕದ ಪಿನ್ನಿಗೆ ಹಾರುತ್ತದೆ. ಅದೃಷ್ಟವಿದ್ದರೆ ಬೋರ್ಡಿನ ಮೇಲಿನ ಎಳ್ಳುಕಾಳಿನಷ್ಟು ಫ್ಯೂಸ್ ಸುಟ್ಟು ಉಳಿದದ್ದನ್ನು ಉಳಿಸುತ್ತದೆ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಆ ಫ್ಯೂಸಿನ ಎರಡು ತುದಿಗೆ ಮುಟ್ಟಿಸಿದಾಗ ಬೀಪ್ ಬರದಿದ್ದರೆ, ಹಿಂದೆ ಬಿಚ್ಚಿದವನು ಬ್ಯಾಟರಿ ತೆಗೆದಿರಲಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಹೊಸ ಪ್ಯಾನೆಲ್ ತಂದು ಹಾಕುವ ಮುನ್ನ ಈ ಒಂದು ನಿಮಿಷದ ಪರೀಕ್ಷೆ ಮಾಡದವರಿಂದ ಎಷ್ಟೋ ಗಿರಾಕಿಗಳು ಸುಮ್ಮನೆ ಸಾವಿರಾರು ರೂಪಾಯಿ ತೆತ್ತಿದ್ದಾರೆ.

ಮೋಸ ಮಾಡುವ ಇನ್ನೊಂದು ಭಾಗ ಮುಚ್ಚಳದ ಸೆನ್ಸರ್. ಮುಚ್ಚಳದಲ್ಲಿ ಪುಟ್ಟ ಅಯಸ್ಕಾಂತ, ಕೆಳಗೆ ಅದನ್ನು ಗುರುತಿಸುವ ಹಾಲ್ ಸೆನ್ಸರ್. ಜೋಡಿಸುವಾಗ ಅಯಸ್ಕಾಂತ ಜಾರಿದರೆ ಯಂತ್ರ ತನ್ನ ಮುಚ್ಚಳ ಮುಚ್ಚಿದೆಯೆಂದು ನಂಬಿ ಪರದೆ ಆರಿಸುತ್ತದೆ. ಆನ್ ಆಗಿರುವ ಲ್ಯಾಪ್‌ಟಾಪನ್ನು ಇನ್ನೊಂದರ ಮೇಲಿಟ್ಟರೂ ಹೀಗಾಗುವುದುಂಟು.

ಕತ್ತಲೆಯ ಬದಲು ಗೆರೆಗಳೋ ಬಣ್ಣದ ಚೌಕಗಳೋ ಕಂಡಾಗ ಹೊರಗಿನ ಮಾನಿಟರೇ ಸಾಕ್ಷಿ. ಅದರಲ್ಲೂ ಅದೇ ಗಲೀಜು ಕಂಡರೆ ತಪ್ಪು ಗ್ರಾಫಿಕ್ಸ್ ಚಿಪ್ಪಿನ ಕಡೆಯದು. ಅಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಪ್ಯಾನೆಲ್ ಅಥವಾ ಕೇಬಲ್‌ನದು. ಮುಚ್ಚಳ ಅಲುಗಿಸಿದಾಗ ಗೆರೆ ಬಂದು ಹೋಗುವುದಾದರೆ ಕೇಬಲ್, ಅಲುಗಿಸಿದರೂ ಕದಲದೆ ನಿಂತ ಉದ್ದಗೆರೆಯಾದರೆ ಗಾಜಿನ ಅಂಚಿನ ಬೆಸುಗೆ ಎಂಬುದು ಸಾಮಾನ್ಯ ಲೆಕ್ಕ. ಡೆಲ್ ಯಂತ್ರಗಳಲ್ಲಿ ಡಿ ಕೀಲಿ ಒತ್ತಿ ಹಿಡಿದು ಆನ್ ಮಾಡಿದರೆ ಪರದೆ ಬಣ್ಣಗಳನ್ನು ತಾನೇ ಒಂದರ ಹಿಂದೊಂದು ತೋರಿಸುತ್ತದೆ. ಆ ಬಣ್ಣಗಳಲ್ಲೂ ಗೆರೆ ಉಳಿದರೆ ವಿಂಡೋಸನ್ನಾಗಲಿ ಡ್ರೈವರನ್ನಾಗಲಿ ದೂರುವಂತಿಲ್ಲ.

ಈ ಗ್ರಾಫಿಕ್ಸ್ ಚಿಪ್ಪಿನ ಅಧ್ಯಾಯ ಕಸುಬಿಗೆ ಕೆಲಸ ಕೊಟ್ಟಿತು, ಜೊತೆಗೆ ಕೆಟ್ಟ ಹೆಸರನ್ನೂ ತಂದಿತು. ಯುರೋಪ್ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸವನ್ನು ನಿರ್ಬಂಧಿಸಿತ್ತು. ಜಗತ್ತಿನ ಕಾರ್ಖಾನೆಗಳು ಸೀಸವಿಲ್ಲದ ಬೆಸುಗೆಗೆ ಹೊರಳಿದ್ದವು. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ಹೆಚ್ಚು ಪ್ರಮಾಣದಲ್ಲಿ ಕೆಡುತ್ತಿವೆಯೆಂದು ಒಪ್ಪಿ 15ರಿಂದ 20 ಕೋಟಿ ಡಾಲರ್ ಬದಿಗಿಟ್ಟಿತು. ದೋಷ ಇದ್ದುದು ಚಿಪ್ಪಿನೊಳಗಿನ ಸೂಕ್ಷ್ಮ ಜೋಡಣೆಯಲ್ಲಿ. ಆದರೆ ಬಿಸಿಗಾಳಿ ಕೊಟ್ಟರೆ, ಚಿಪ್ಪನ್ನೆತ್ತಿ ಕೆಳಗಿನ ಬೆಸುಗೆ ಗುಂಡುಗಳನ್ನು ಹೊಸದಾಗಿ ಕೂರಿಸಿದರೆ, ಪರದೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ತಪ್ಪು ಸೀಸವಿಲ್ಲದ ಬೆಸುಗೆಯದು, ಹೊಸ ಗುಂಡುಗಳಿಂದಲೇ ಗುಣವಾಯಿತು ಎಂದು ಮೆಕ್ಯಾನಿಕ್ಕುಗಳೂ ನಂಬಿದರು, ಗಿರಾಕಿಗಳೂ ನಂಬಿದರು. ನಿಜಕ್ಕೂ ಕೆಲಸ ಮಾಡಿದ್ದು ಶಾಖ, ಅದರ ಫಲ ಕೆಲವು ವಾರಗಳದು. ಸತ್ತ ಚಿಪ್ಪಿಗೆ ಹೊಸ ಚಿಪ್ಪೇ ಮದ್ದು ಎಂದು ಮೊದಲೇ ಹೇಳಿ ಗಿರಾಕಿ ಕಳೆದುಕೊಂಡವರು ಆ ಕಾಲದ ನಿಜವಾದ ತಜ್ಞರು.

ಹಿಂಜಿನಲ್ಲಿ ಬಾಗುವ ತಂತಿಯ ಹಳೆಯ ಪಾಠವನ್ನು ಕಾರ್ಖಾನೆಯೂ ಕಲಿಯಬೇಕಾಯಿತು. 2016ರ ಮ್ಯಾಕ್‌ಬುಕ್ ಪ್ರೊನಲ್ಲಿ ಪರದೆಯ ಚಪ್ಪಟೆ ಕೇಬಲ್ ತೆರೆದು ಮುಚ್ಚಿದಂತೆ ಬೋರ್ಡಿನ ಅಂಚಿಗೆ ಉಜ್ಜಿ ಸವೆಯುತ್ತಿತ್ತು. ಮೊದಲು ಕೆಳ ಅಂಚಿನಲ್ಲಿ ನಾಟಕದ ರಂಗದೀಪದಂಥ ಬೆಳಕಿನ ಪಟ್ಟೆಗಳು, ಆಮೇಲೆ ಮುಚ್ಚಳವನ್ನು ಒಂದು ಮಟ್ಟಕ್ಕಿಂತ ಹೆಚ್ಚು ತೆರೆದರೆ ಪೂರ್ತಿ ಕತ್ತಲೆ. ಎಷ್ಟು ತೆರೆದಾಗ ಆರುತ್ತದೆ ಎಂಬುದೇ ಇಲ್ಲಿ ರೋಗದ ಗುರುತು. 2018ರ ಮಾದರಿ ಬಿಚ್ಚಿ ನೋಡಿದ, ರಿಪೇರಿ ಮಾರ್ಗದರ್ಶಿಗಳನ್ನು ಪ್ರಕಟಿಸುವ ಐಫಿಕ್ಸಿಟ್ ಸಂಸ್ಥೆಯವರಿಗೆ ಕೇಬಲ್ 2 ಮಿಲಿಮೀಟರ್ ಉದ್ದವಾಗಿರುವುದು ಕಂಡಿತು. 13 ಇಂಚಿನ ಮಾದರಿಗೆ ಉಚಿತ ದುರಸ್ತಿ ಯೋಜನೆಯನ್ನು ಆಪಲ್ ಪ್ರಕಟಿಸಿದ್ದು 2019ರ ಮೇ ತಿಂಗಳಲ್ಲಿ.

ಥಿಂಕ್‌ಪ್ಯಾಡ್ ಎಕ್ಸ್1 ಯೋಗಾದಂಥ ಯಂತ್ರಗಳೊಂದಿಗೆ 2016ರಿಂದ ಒಎಲ್‌ಇಡಿ ಪರದೆ ಲ್ಯಾಪ್‌ಟಾಪಿಗೂ ಬಂದಿದೆ. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಹಿಂಬೆಳಕಿಲ್ಲ. ಟಾರ್ಚ್ ಹಿಡಿದರೆ ಕಾಣುವುದು ಬರೀ ಗಾಜು. ಉಳಿದದ್ದು ಕಸುಬಿನ ಇನ್ನೊಂದು ಹಳೆಯ ಆಸರೆ: ಚೆನ್ನಾಗಿರುವ ಪ್ಯಾನೆಲ್ ಒಂದನ್ನು ಸಿಕ್ಕಿಸಿ ನೋಡುವುದು. ಅದಕ್ಕೂ ಈಗ ಬೇಲಿ ಬಿದ್ದಿದೆ. ಒಂದು ಮ್ಯಾಕ್‌ಬುಕ್ಕಿನ ಅಸಲಿ ಪರದೆಯನ್ನು ಅದೇ ಮಾದರಿಯ ಇನ್ನೊಂದಕ್ಕೆ ಹಾಕಿದರೆ ಚಿತ್ರ ಬರುತ್ತದೆ, ಆದರೆ ಕೋಣೆಯ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಟ್ರೂ ಟೋನ್ ಮಾಯವಾಗಬಹುದು. ಅದು ಕೆಟ್ಟ ಭಾಗದ ಲಕ್ಷಣವೋ, ಕಂಪನಿಯ ಸಾಫ್ಟ್‌ವೇರ್ ಒಪ್ಪಿಗೆ ಇಲ್ಲದ್ದರ ಲಕ್ಷಣವೋ ಎಂದು ಮೇಜಿನ ಮುಂದೆ ಕೂತವನು ಕಣ್ಣಿಂದ ಹೇಳುವಂತಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ದುರಸ್ತಿ ಹಕ್ಕಿನ ಪೋರ್ಟಲ್ ತೆರೆದು, ಕೈಪಿಡಿ ಮತ್ತು ಬಿಡಿಭಾಗಗಳ ಮಾಹಿತಿಯನ್ನು ಕಂಪನಿಗಳು ಅಲ್ಲಿ ಹಂಚಿಕೊಳ್ಳಲು ದಾರಿ ಮಾಡಿತು. ಆದರೆ ಎಸ್.ಪಿ. ರಸ್ತೆಯ ಮೇಜಿಗೆ ಬೇಕಿರುವುದು ಗ್ರಾಹಕ ಕೈಪಿಡಿಗಿಂತ ಮುಖ್ಯವಾಗಿ ಬೋರ್ಡಿನ ಸರ್ಕ್ಯೂಟ್ ನಕ್ಷೆ, ಆ ಎಳ್ಳುಕಾಳಿನ ಫ್ಯೂಸಿನ ಬೆಲೆಪಟ್ಟಿ, ಬದಲಾಯಿಸಿದ ಪರದೆಯನ್ನು ಯಂತ್ರಕ್ಕೆ ಪರಿಚಯಿಸುವ ಸಾಫ್ಟ್‌ವೇರ್.